ಒಡೆಯನ ಗುರುತು ಮನೆಯ ಮೇಲೂ

'ನಮ್ಮ ಮನೆಗಳಿಂದ' ಎಂದು ನಾವು ಎರಡು ಪದಗಳಲ್ಲಿ ಹೇಳುವುದನ್ನು ತುರ್ಕಿ ಭಾಷೆ ಒಂದೇ ಪದದಲ್ಲಿ ಮುಗಿಸುತ್ತದೆ: 'ಎವ್‌ಲೆರಿಮಿಜ್‌ದೆನ್'. ಕೇಳಲು ಕಷ್ಟವೆನಿಸಿದರೂ ಬಿಡಿಸಿದರೆ ಸರಳ. 'ಎವ್' ಎಂದರೆ ಮನೆ. 'ಲೆರ್' ಬಹುವಚನ, 'ಇಮಿಜ್' ಎಂದರೆ ನಮ್ಮ, 'ದೆನ್' ಎಂದರೆ ಇಂದ. ಮೊದಲು ವಚನ, ಆಮೇಲೆ ಒಡೆತನ, ಕೊನೆಗೆ ವಿಭಕ್ತಿ. ಈ ಕ್ರಮ ತಪ್ಪುವಂತಿಲ್ಲ.

ವಿಭಕ್ತಿಗಳ ಮಟ್ಟಿಗೆ ಈ ಭಾಷೆ ಕನ್ನಡಿಗರಿಗೆ ಅಷ್ಟೇನೂ ಹೊಸದೆನಿಸದು. ವ್ಯಾಕರಣಗಳು ಸಾಮಾನ್ಯವಾಗಿ 6 ವಿಭಕ್ತಿಗಳನ್ನು ಹೇಳುತ್ತವೆ. 'ಎವೆ' ಮನೆಗೆ, 'ಎವ್‌ದೆ' ಮನೆಯಲ್ಲಿ, 'ಎವ್‌ದೆನ್' ಮನೆಯಿಂದ. ನಾವು 'ಪುಸ್ತಕ ಓದಿದೆ', 'ಪುಸ್ತಕವನ್ನು ಓದಿದೆ' ಎಂದು ಬೇರೆ ಮಾಡುವಂತೆ ಅವರೂ ಮಾಡುತ್ತಾರೆ. ಯಾವುದೋ ಒಂದು ಮನೆ ಕೊಂಡರೆ ಬರೀ 'ಎವ್' ಸಾಕು. ಗೊತ್ತಿರುವ ಮನೆಯನ್ನೇ ಕೊಂಡರೆ 'ಎವಿ' ಎನ್ನಬೇಕು.

ದಾರಿ ಬೇರೆಯಾಗುವುದು ಒಡೆತನದಲ್ಲಿ. 'ಅಹ್ಮದನ ಮನೆ' ಎನ್ನುವಾಗ ನಮ್ಮ ಪ್ರತ್ಯಯ ಒಡೆಯನಿಗೆ ಮಾತ್ರ ಹತ್ತುತ್ತದೆ. ತುರ್ಕರ 'ಅಹ್ಮೆತಿನ್ ಎವಿ' ಎಂಬುದರಲ್ಲಿ ಎರಡಕ್ಕೂ ಪ್ರತ್ಯಯ ಉಂಟು. ಪದಕ್ಕೆ ಪದವಿಟ್ಟರೆ 'ಅಹ್ಮದನ ಅವನ-ಮನೆ'. ಹೀಗಾಗಿ ಒಡೆಯನನ್ನು ಹೆಸರಿಸದೆಯೂ ಮಾತು ನಡೆಯುತ್ತದೆ. 'ಎವಿಮ್' ಎಂದರೆ ಸಾಕು, ನನ್ನ ಮನೆ. ಹೆಸರಾಂತ ತುರ್ಕಿ ಕಾಫಿಯೂ ಅಲ್ಲಿ 'ತುರ್ಕ್ ಕಾಹ್ವೆಸಿ'. ಕೊನೆಯ 'ಸಿ' ಇದೇ ಒಡೆತನದ ಗುರುತು.

ಈ ಜಾಣತನದಲ್ಲಿ ತೊಡಕೂ ಇದೆ. 'ಎವಿ' ಎಂದರೆ 'ಮನೆಯನ್ನು' ಎಂದೂ ಆದೀತು, 'ಅವನ ಮನೆ' ಎಂದೂ ಆದೀತು. 'ಎವಿನಿ' ಎಂದರೆ 'ಅವನ ಮನೆಯನ್ನು' ಅಥವಾ 'ನಿನ್ನ ಮನೆಯನ್ನು'. ಮಾರಿದ್ದು ಯಾರ ಮನೆಯನ್ನು ಎಂಬುದು ಸಣ್ಣ ವಿಚಾರವೇ? ಅದನ್ನು ಸಂದರ್ಭವೇ ಹೇಳಬೇಕು. ಇಲ್ಲವೇ 'ನಿನ್ನ', 'ಅವನ' ಎಂಬ ಸರ್ವನಾಮವನ್ನು ಬಿಡಿಸಿ ಹೇಳಬೇಕು.

ಪ್ರತ್ಯಯಗಳನ್ನು ಸಾಲಾಗಿ ಜೋಡಿಸುವ ಈ ಗುಣ ಎರಡೂ ಕಡೆ ಇರುವುದರಿಂದ ನಂಟಿನ ಊಹೆಯೂ ಹುಟ್ಟಿತ್ತು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್, ತುರ್ಕಿಯೂ ಸೇರಿದ್ದ 'ಸಿಥಿಯನ್' ಗುಂಪಿಗೆ ಇವು ಹತ್ತಿರವೆಂದು ವಾದಿಸಿದರು. ಆ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಂಟನ್ನು ಹೇಳಲು ಮೂಲ ಪದಗಳೂ ಧ್ವನಿಗಳೂ ನಿಯಮಬದ್ಧವಾಗಿ ಹೊಂದಬೇಕು. ರಚನೆಯ ಹೋಲಿಕೆಯೊಂದೇ ಸಾಲದು. ಎರಡು ಊರಿನ ಮನೆಗಳು ಒಂದೇ ಬಗೆಯಲ್ಲಿ ಕಟ್ಟಿದ್ದರೆ ಅಲ್ಲಿನವರು ದಾಯಾದಿಗಳೇ ಆಗಬೇಕಿಲ್ಲವಲ್ಲ!