ಗದ್ಯಾಣ, ವಜ್ರ ಮತ್ತು ಆಟದ ಬೆಲೆ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಹೊಯ್ಸಳ ಶಾಸನಗಳನ್ನು ಓದುವವರಿಗೆ ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ಪರಿಚಿತವಾದುವು. ಹಾಗವೆಂದರೆ ಪಣದ ಕಾಲುಭಾಗ, ವೀಸವೆಂದರೆ ಹಾಗದ ಕಾಲುಭಾಗ. ನಂದಾದೀವಿಗೆಗೆ ದತ್ತಿ ಬಿಟ್ಟವನಿಗೂ ಸುಂಕ ತೆತ್ತವನಿಗೂ ಲೆಕ್ಕ ಒಂದೇ. ಇದೇ ಊರುಗಳ ಮಕ್ಕಳ ಕೈಯಲ್ಲಿ ಇಂದು ಬೇರೊಂದು ನಾಣ್ಯ ಚಲಾವಣೆಯಲ್ಲಿದೆ. ಮೊಬೈಲ್ ಆಟಗಳ ‘ವಜ್ರ’, ‘ಕಾಯಿನ್’ಗಳೆಂಬ ಈ ನಾಣ್ಯದ ಸ್ವರೂಪವನ್ನು ತಿಳಿಸಿ, ಆಟಗಾರನಿಗೆ ನ್ಯಾಯವಾದ ಕ್ರಮ ಯಾವುದೆಂದು ವಿಚಾರಿಸುವುದು ನಮ್ಮ ಉದ್ದೇಶ. ಕೊಬ್ಬರಿ ಮಾರಿದ ಹಣ ತಂದೆಯ ಖಾತೆಗೆ ಬಂದು, ಆ ಖಾತೆಯ ಫೋನೇ ಮಗನ ಕೈಯಲ್ಲಿರುವ ಮನೆಗಳಲ್ಲಿ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಇಂತಹ ಆಟಗಳು ಬಹುಮಟ್ಟಿಗೆ ಉಚಿತವಾಗಿಯೇ ದೊರೆಯುತ್ತವೆ. ಖರ್ಚು ಆರಂಭವಾಗುವುದು ರುಚಿ ಹತ್ತಿದ ಮೇಲೆ. ಪಾತ್ರದ ಉಡುಪು, ಆಯುಧದ ಬಣ್ಣ, ಕಾಯದೆ ಮುಂದುವರಿಯುವ ಸೌಲಭ್ಯ, ಎಲ್ಲವೂ ಸರಕೇ. ಆದರೆ ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದಿಲ್ಲ. ಮೊದಲು ವಜ್ರಗಳ ಕಟ್ಟನ್ನು ಕೊಳ್ಳಬೇಕು. 80 ವಜ್ರದ ಉಡುಪಿಗೆ 100ರ ಕಟ್ಟೇ ಗತಿ ಎಂದಿಟ್ಟುಕೊಳ್ಳೋಣ. ಮಿಕ್ಕ 20 ಯಾವುದಕ್ಕೂ ಸಾಲದು. ಅದನ್ನು ಸಾರ್ಥಕಗೊಳಿಸಲು ಇನ್ನೊಂದು ಕಟ್ಟು. ಗದ್ಯಾಣವನ್ನು ಪಣವಾಗಿ ಮುರಿಸಬಹುದಾಗಿತ್ತು, ಪಣಗಳನ್ನು ಕೂಡಿಸಿ ಗದ್ಯಾಣವನ್ನೂ ಪಡೆಯಬಹುದಾಗಿತ್ತು. ವಜ್ರವಾದರೋ ಸಾಮಾನ್ಯವಾಗಿ ಮರಳಿ ರೂಪಾಯಿಯಾಗದು.

ಇದಕ್ಕಿಂತ ಗಂಭೀರವಾದುದು ‘ಲೂಟ್ ಬಾಕ್ಸ್’ ಎಂಬ ಮುಚ್ಚಿದ ಪೆಟ್ಟಿಗೆ. ಹಣ ತೆತ್ತು ತೆರೆದ ಮೇಲೆಯೇ ಒಳಗಿನದು ಗೋಚರವಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನ ಕರ್ತವ್ಯಗಳನ್ನು ಹೇಳಿದೆ: ಗೆದ್ದ ಹಣದಲ್ಲಿ ನೂರಕ್ಕೆ 5 ಅವನ ವಸೂಲಿ, ದಾಳಗಳನ್ನು ಅವನೇ ಒದಗಿಸಬೇಕು, ಅವನ್ನು ಬದಲಿಸಿದವನಿಗೆ 12 ಪಣ ದಂಡ. ಬೊಕ್ಕಸದ ಮೇಲಣ ಕಣ್ಣೂ ಇದರಲ್ಲಿತ್ತೆನ್ನಿ. ಆದರೂ ಪಾಲೆಷ್ಟೆಂಬುದು ಬಹಿರಂಗವಾಗಿತ್ತು. ಇಂದಿನ ಪೆಟ್ಟಿಗೆಯಲ್ಲಿ ದಾಳ ಮಾಡಿದವನೂ ಉರುಳಿಸುವವನೂ ಹಣ ಪಡೆಯುವವನೂ ಒಬ್ಬನೇ. ದೊರೆಯುವ ಸಂಭವವೆಷ್ಟೆಂದು ಪ್ರಕಟಿಸಬೇಕೆಂಬ ನಿಯಮವನ್ನು ಚೀನಾ 2017ರಲ್ಲಿ ತಂದಿತು. ಬೆಲ್ಜಿಯಂ 2018ರಲ್ಲಿ ಇಂತಹ ಹಲವು ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ನಮ್ಮಲ್ಲಿ ಚರ್ಚೆ ನಡೆದುದು ಮುಖ್ಯವಾಗಿ ಪಣವೊಡ್ಡುವ ಆಟಗಳನ್ನು ಕುರಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನ್ ಪಣವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳನ್ನು ನಿಷೇಧಿಸಿ, ಚಂದಾ ಅಥವಾ ಒಮ್ಮೆ ಕೊಡುವ ಪ್ರವೇಶಶುಲ್ಕದ ಸಾಮಾಜಿಕ ಆಟಗಳಿಗೆ ಎಡೆಗೊಟ್ಟಿತು. ಹಣವನ್ನಲ್ಲದೆ ಬರಿಯ ಬಣ್ಣದ ಉಡುಪನ್ನು ಕೊಡುವ ಪೆಟ್ಟಿಗೆಯನ್ನು ಅದು ಹೆಸರಿಸಿ ಹೇಳಿಲ್ಲ.

ಆಟ ಕಟ್ಟಿದವನಿಗೆ ಪ್ರತಿಫಲ ಬೇಡವೆಂದು ನಾವು ಹೇಳೆವು. ಪುಣೆಯ ಸಂಸ್ಥೆಯೊಂದು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟವನ್ನು ಪುಸ್ತಕದಂತೆ ಒಮ್ಮೆ ಬೆಲೆ ಕೊಟ್ಟು ಕೊಳ್ಳಬಹುದು. ಚಂದಾ ಪದ್ಧತಿಯೂ ಒಪ್ಪತಕ್ಕದ್ದೇ, ನಿಲ್ಲಿಸುವುದು ಸೇರುವಷ್ಟೇ ಸುಲಭವಾಗಿದ್ದರೆ. ಉಡುಪನ್ನು ಮಾರುವುದಾದರೆ ಉಡುಪನ್ನೇ ತೋರಿಸಿ ಮಾರಲಿ, ಬೆಲೆಯನ್ನು ರೂಪಾಯಿಯಲ್ಲಿ ಬರೆಯಲಿ. ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದಾದರೆ ಸಂಭವದ ಅಂಕಿಯನ್ನು ಅದರ ಮೇಲೆಯೇ ಕನ್ನಡದಲ್ಲಿ ನಮೂದಿಸಲಿ. ಬಾಲಕರ ವಿಷಯದಲ್ಲಿ ಪೆಟ್ಟಿಗೆಯೇ ಬೇಡವೆಂಬುದು ನಮ್ಮ ಮತ.