ತಿಳಿ ಬಿಯರಿಗೂ ಹೆಬ್ಬಗೋಡಿಗೂ ಇರುವ ನಂಟು

ಬಾಟಲಿಗೆ ತುಂಬದೆ, ದೊಡ್ಡ ಪಾತ್ರೆಯಿಂದ ನೇರವಾಗಿ ನಲ್ಲಿಯ ಮೂಲಕ ಗ್ಲಾಸಿಗೆ ಇಳಿಸುವುದೇ ಡ್ರಾಫ್ಟ್ ಬಿಯರ್. ಹಿಂದೆ ಮರದ ಪೀಪಾಯಿ ಇದ್ದ ಜಾಗದಲ್ಲಿ ಈಗ ಸ್ಟೀಲಿನ ಕೆಗ್ ಇದೆ. ಸಾಮಾನ್ಯವಾಗಿ ಇದನ್ನು ಪಾಶ್ಚರೀಕರಿಸುವುದಿಲ್ಲ. ಹಾಗಾಗಿ ರುಚಿ ತಾಜಾ, ಬಾಳಿಕೆ ಕಡಿಮೆ.

ಕೆಗ್ಗಿನೊಳಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಬಿಯರನ್ನು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಒತ್ತಡ ಕಡಿಮೆಯಾದರೆ ಬಿಯರ್ ಸಪ್ಪೆ, ಹೆಚ್ಚಾದರೆ ಬರೀ ನೊರೆ. ಲಾಗರ್ ಬಿಯರಿಗೆ 3–4 ಡಿಗ್ರಿ ತಂಪು ಬೇಕು. ಪೈಪ್ ಬಿಸಿಯಾದರೂ ನೊರೆ ಉಕ್ಕುತ್ತದೆ. ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು, ನಲ್ಲಿಯ ತುದಿ ಬಿಯರಿಗೆ ತಾಗದಂತೆ ಸುರಿದು, ಕೊನೆಯಲ್ಲಿ ನೆಟ್ಟಗೆ ಮಾಡಿದರೆ ಮೇಲೆ ಎರಡು ಬೆರಳಿನಷ್ಟು ನೊರೆ ನಿಲ್ಲುತ್ತದೆ. ಬಿಯರಿನೊಳಗೆ ಗ್ಲಾಸಿನ ಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ ಎಂದೇ ಅರ್ಥ. ಎಲ್ಲಕ್ಕಿಂತ ಮುಖ್ಯ ಪೈಪಿನ ಶುಚಿ. ಎರಡು ವಾರಕ್ಕೊಮ್ಮೆಯಾದರೂ ತೊಳೆಯದಿದ್ದರೆ ಒಳಗೆ ಈಸ್ಟ್, ಬ್ಯಾಕ್ಟೀರಿಯಾ ಕಟ್ಟಿಕೊಂಡು ಎಂಥ ಒಳ್ಳೆಯ ಬಿಯರೂ ಹುಳಿಯಾಗುತ್ತದೆ.

ಇನ್ನು ತಿಳಿಯ ಮಾತು. ಇಂಗ್ಲೆಂಡಿನ ಸಾಂಪ್ರದಾಯಿಕ ಪೀಪಾಯಿ ಬಿಯರಿನಲ್ಲಿ ಈಸ್ಟ್ ಜೀವಂತವಾಗಿರುತ್ತದೆ. ಅದನ್ನು ತಳಕ್ಕಿಳಿಸಲು ಐಸಿಂಗ್ಲಾಸ್ ಬೆರೆಸುತ್ತಾರೆ. ಮೀನಿನ ಗಾಳಿಚೀಲವನ್ನು ಒಣಗಿಸಿ ಮಾಡುವ ಇದರಲ್ಲಿರುವುದು ಕೊಲಾಜೆನ್. ಅದರ ಧನ ವಿದ್ಯುದಂಶ ಈಸ್ಟಿನ ಋಣ ವಿದ್ಯುದಂಶವನ್ನು ಸೆಳೆದು, ಎರಡೂ ಗಸಿಯಾಗಿ ಕೆಳಗೆ ಕೂರುತ್ತವೆ. ತಂಪು ಮಾಡಿದಾಗ ಬಿಯರ್ ಮಬ್ಬಾಗುವುದಕ್ಕೆ ಕಾರಣ ಬೇರೆ: ಪ್ರೋಟೀನು ಮತ್ತು ಟ್ಯಾನಿನ್ ಒಂದಕ್ಕೊಂದು ಅಂಟಿಕೊಳ್ಳುವುದು. ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೈನ್ ಎಂಬ ಕಿಣ್ವ ಆ ಪ್ರೋಟೀನನ್ನು ತುಂಡರಿಸುತ್ತದೆ.

ಬೆಂಗಳೂರಿನ ಹೊರವಲಯದ ಹೆಬ್ಬಗೋಡಿಯಲ್ಲಿರುವ ಬಯೋಕಾನ್ ಕಂಪನಿ ಶುರುವಾದದ್ದು ಈ ಎರಡು ವಸ್ತುಗಳಿಂದಲೇ. ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್ ಆಗಿದ್ದ ರಸೇಂದ್ರ ಮಜುಂದಾರರ ಮಗಳು ಕಿರಣ್, ಆಸ್ಟ್ರೇಲಿಯಾದ ಬಾಲರಾಟ್‌ನಲ್ಲಿ ಬ್ರೂಯಿಂಗ್ ಕಲಿತು 1975ರಲ್ಲಿ ಅರ್ಹತೆ ಪಡೆದರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಬ್ರೂಮಾಸ್ಟರ್ ಕೆಲಸ ಸಿಗಲಿಲ್ಲ. 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬಯೋಕಾನ್ ಆರಂಭಿಸಿ, ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಪಪೈನ್ ಮತ್ತು ಐಸಿಂಗ್ಲಾಸ್ ತಯಾರಿಸತೊಡಗಿದರು. ಬ್ರೂವರಿಯ ಬಾಗಿಲು ಮುಚ್ಚಿದಾಗ ಬ್ರೂಯಿಂಗ್ ವಿದ್ಯೆಯನ್ನೇ ಉದ್ಯಮವಾಗಿಸಿದ ಈ ಸಾಹಸ ದೊಡ್ಡದು. ಕಿಣ್ವಗಳ ವ್ಯವಹಾರ 2007ರಲ್ಲಿ ಡೆನ್ಮಾರ್ಕಿನ ನೊವೊಝೈಮ್ಸ್ ಪಾಲಾಯಿತು. ಬಯೋಕಾನ್ ಔಷಧಗಳಲ್ಲಿ ಬೆಳೆಯಿತು.

ಹಾಗೆಂದು ಎಲ್ಲ ಡ್ರಾಫ್ಟ್ ಬಿಯರೂ ತಿಳಿಯಾಗಿರಬೇಕಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗುವ ಜರ್ಮನ್ ಮಾದರಿಯ ಗೋಧಿ ಬಿಯರಿನಲ್ಲಿ ಈಸ್ಟನ್ನು ಬೇಕೆಂದೇ ಉಳಿಸುತ್ತಾರೆ. ಅದರ ಮಬ್ಬು ಕೆಟ್ಟದ್ದರ ಗುರುತಲ್ಲ.