ಅದಿರಿನಿಂದ ಲೋಹಕ್ಕೆ: ಅಪಕರ್ಷಣದ ವೆಚ್ಚ ಮತ್ತು ಗುಜರಿಯ ನಿಜವಾದ ಬೆಲೆ

ಕಬ್ಬಿಣವನ್ನಾಗಲಿ ಅಲ್ಯೂಮಿನಿಯಮ್ಮನ್ನಾಗಲಿ ಯಾವುದಾದರೊಂದು ರೂಪದಲ್ಲಿ ಕೊಳ್ಳದ ಸಣ್ಣ ಉದ್ದಿಮೆ ವಿರಳ. ಈ ಲೋಹಗಳ ದರ ಏರಿದಾಗಲೆಲ್ಲ ಡಾಲರಿನ ವಿನಿಮಯ ದರ, ಲಂಡನ್ ಲೋಹ ಪೇಟೆಯ ವಹಿವಾಟು, ಚೀನಾದ ಬೇಡಿಕೆ ಮುಂತಾದ ಕಾರಣಗಳು ಕೇಳಿಬರುತ್ತವೆ. ಅವು ಸುಳ್ಳಲ್ಲ. ಆದರೆ ಅವೆಲ್ಲದರ ತಳದಲ್ಲಿ ಇನ್ನೊಂದು ವೆಚ್ಚವಿದೆ. ಅದು ಅದಿರಿನೊಳಗಿನ ಆಮ್ಲಜನಕವನ್ನು ಬೇರ್ಪಡಿಸುವ ವೆಚ್ಚ. ರಸಾಯನಶಾಸ್ತ್ರದಲ್ಲಿ ಈ ಕ್ರಿಯೆಗೆ ಅಪಕರ್ಷಣ ಎಂದು ಹೆಸರು. ಇದನ್ನು ಅರಿತ ಉದ್ಯಮಿಗೆ ತಾನು ಕೊಳ್ಳುವ ಕಚ್ಚಾ ಮಾಲಿನ ಬೆಲೆಯಷ್ಟೇ ಅಲ್ಲ, ತನ್ನ ಕಾರ್ಖಾನೆಯ ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿರುವ ಗುಜರಿಯ ಬೆಲೆಯೂ ಅರ್ಥವಾಗುತ್ತದೆ.

ಅಪಕರ್ಷಣವೆಂದರೇನು?

ಬಹುತೇಕ ಲೋಹಗಳು ನಿಸರ್ಗದಲ್ಲಿ ಶುದ್ಧ ರೂಪದಲ್ಲಿ ದೊರೆಯುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಮ್ ಮೊದಲಾದವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತವೆ. ಶುದ್ಧ ಹೆಮಟೈಟ್ ಅದಿರಿನ 1000 ಕಿಲೋದಲ್ಲಿ ಸುಮಾರು 700 ಕಿಲೋ ಕಬ್ಬಿಣ, 300 ಕಿಲೋ ಆಮ್ಲಜನಕವಿದೆ. ಬಾಕ್ಸೈಟಿನಿಂದ ಸಿದ್ಧಪಡಿಸಿದ ಅಲ್ಯೂಮಿನಾದ 1000 ಕಿಲೋದಲ್ಲಿ ಸುಮಾರು 530 ಕಿಲೋ ಅಲ್ಯೂಮಿನಿಯಮ್, 470 ಕಿಲೋ ಆಮ್ಲಜನಕವಿದೆ.

ಈ ಆಮ್ಲಜನಕ ತಾನಾಗಿ ಬಿಟ್ಟುಹೋಗುವುದಿಲ್ಲ. ಅದನ್ನು ಸೆಳೆದುಕೊಳ್ಳುವ ಇಂಗಾಲ ಅಥವಾ ಜಲಜನಕದಂತಹ ವಸ್ತು ಬೇಕು, ಇಲ್ಲವೇ ವಿದ್ಯುತ್ತಿನ ಬಲ ಬೇಕು. ಯಾವ ಹಾದಿ ಹಿಡಿದರೂ ಅದರ ಬೆಲೆ ತೆರಲೇಬೇಕು. ತುಕ್ಕು ಹಿಡಿಯುವುದು ಇದಕ್ಕೆ ವಿರುದ್ಧವಾದ ಕ್ರಿಯೆ; ಅದು ಉತ್ಕರ್ಷಣ. ತುಕ್ಕು ಹಿಡಿದ ಕಬ್ಬಿಣ ಮರಳಿ ಅದಿರಾಗುತ್ತದೆ. ಲೆಕ್ಕಿಗರ ಭಾಷೆಯಲ್ಲಿ ಹೇಳುವುದಾದರೆ, ಹಿಂದೆ ಹಣ ತೆತ್ತು ಬರೆದ ಜಮೆಯನ್ನು ತುಕ್ಕು ಸದ್ದಿಲ್ಲದೆ ಹೊಡೆದುಹಾಕುತ್ತದೆ.

ಕಬ್ಬಿಣ: ಇಂಗಾಲದ ಹಾದಿ

ಊದುಕುಲುಮೆಯಲ್ಲಿ ಕೋಕ್ ಮೂರು ಕೆಲಸಗಳನ್ನು ಮಾಡುತ್ತದೆ. ಉರಿದು ಶಾಖ ನೀಡುತ್ತದೆ. ಇಂಗಾಲದ ಮೊನಾಕ್ಸೈಡ್ ಅನಿಲವಾಗಿ ಅದಿರಿನ ಆಮ್ಲಜನಕವನ್ನು ಸೆಳೆಯುತ್ತದೆ. ಕುಲುಮೆಯೊಳಗಿನ ರಾಶಿ ಕುಸಿಯದಂತೆ ಆಧಾರವಾಗಿ ನಿಲ್ಲುತ್ತದೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ತೆಗೆದನು. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ನೀಲ್ಸನ್ ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸುವ ವಿಧಾನ ತಂದಾಗ ಇಂಧನದ ಖರ್ಚು ಬಹಳವಾಗಿ ಇಳಿಯಿತು. ಇಂದಿನ ಉತ್ತಮ ಕುಲುಮೆಗಳಲ್ಲಿ ಒಂದು ಟನ್ ಬೀಡುಕಬ್ಬಿಣಕ್ಕೆ ಕೋಕ್ ಮತ್ತು ಕಲ್ಲಿದ್ದಲ ಪುಡಿ ಸೇರಿ ಸುಮಾರು 500 ಕಿಲೋ ಸಾಕಾಗುತ್ತದೆ.

ಭಾರತದಲ್ಲಿ ಅದಿರಿಗೆ ಕೊರತೆಯಿಲ್ಲ. ಕೊರತೆಯಿರುವುದು ಬೂದಿಯ ಅಂಶ ಕಡಿಮೆಯಿರುವ ಕೋಕಿಂಗ್ ಕಲ್ಲಿದ್ದಲಿಗೆ. ಅದರ ಬಹುಪಾಲು ಆಮದಾಗುತ್ತದೆ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ. 2011ರ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಗಣಿಗಳು ಪ್ರವಾಹಕ್ಕೆ ಸಿಲುಕಿದಾಗ ಜಗತ್ತಿನಾದ್ಯಂತ ಈ ಕಲ್ಲಿದ್ದಲ ದರ ಜಿಗಿಯಿತು. ದೂರದ ದೇಶದ ಮಳೆಗೂ ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳು ಕೊಳ್ಳುವ ಬೀಡುಕಬ್ಬಿಣದ ದರಕ್ಕೂ ಇರುವ ನಂಟು ಇದೇ.

ಕರ್ನಾಟಕದ ಕಬ್ಬಿಣೋದ್ಯಮದ ಇತಿಹಾಸವನ್ನು ಕೋಕಿನಿಂದ ತಪ್ಪಿಸಿಕೊಳ್ಳುವ ಪ್ರಯತ್ನಗಳ ಇತಿಹಾಸವೆಂದೂ ಓದಬಹುದು. 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲನ್ನೂ ಬಳಸಿತು. 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶಾಖದ ಹೊಣೆಯನ್ನು ವಿದ್ಯುತ್ತು ಹೊತ್ತಿದ್ದರಿಂದ ಇಂಗಾಲವು ಅಪಕರ್ಷಣಕ್ಕೆ ಬೇಕಾದಷ್ಟೇ ಸಾಕಾಯಿತು. ತೋರಣಗಲ್ಲಿನಲ್ಲಿ 1999ರಲ್ಲಿ ಆರಂಭವಾದ ಕೋರೆಕ್ಸ್ ಘಟಕವು ಕೋಕಿಂಗ್ ಅಲ್ಲದ ಕಲ್ಲಿದ್ದಲಿನಿಂದ ಕಬ್ಬಿಣ ಕರಗಿಸುವ ವಿಧಾನವನ್ನು ತಂದಿತು. ಬಳ್ಳಾರಿ ಸುತ್ತಮುತ್ತಲಿನ ಸ್ಪಾಂಜ್ ಕಬ್ಬಿಣದ ಘಟಕಗಳು ಅದಿರನ್ನು ಕರಗಿಸದೆ, ಸುತ್ತುವ ಗೂಡುಗಳಲ್ಲಿ ಸಾಮಾನ್ಯ ಕಲ್ಲಿದ್ದಲಿನೊಡನೆ ಕಾಯಿಸಿ ಆಮ್ಲಜನಕವನ್ನು ಕಳೆಯುತ್ತವೆ. ಸ್ಪಾಂಜ್ ಕಬ್ಬಿಣದ ಉತ್ಪಾದನೆಯಲ್ಲಿ ಭಾರತ ಜಗತ್ತಿನಲ್ಲಿಯೇ ಮೊದಲ ಸ್ಥಾನದಲ್ಲಿದೆ.

ಅಲ್ಯೂಮಿನಿಯಮ್: ವಿದ್ಯುತ್ತಿನ ಹಾದಿ

ಅಲ್ಯೂಮಿನಿಯಮ್ ಆಮ್ಲಜನಕವನ್ನು ಕಬ್ಬಿಣಕ್ಕಿಂತ ಬಹಳ ಬಿಗಿಯಾಗಿ ಹಿಡಿದಿರುತ್ತದೆ. ಇಂಗಾಲದಿಂದ ಅದನ್ನು ಬಿಡಿಸಬೇಕಾದರೆ 2000 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು. ಆದ್ದರಿಂದ ಬಹುಕಾಲ ಇದು ಬೆಳ್ಳಿಯೊಡನೆ ಹೋಲಿಸುವಷ್ಟು ದುಬಾರಿ ಲೋಹವಾಗಿತ್ತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಹೆರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ಒಂದೇ ವಿಧಾನವನ್ನು ಕಂಡುಹಿಡಿದರು. ಕರಗಿದ ಕ್ರಯೋಲೈಟ್ ಲವಣದಲ್ಲಿ ಅಲ್ಯೂಮಿನಾವನ್ನು ಬೆರೆಸಿ, ಸುಮಾರು 960 ಡಿಗ್ರಿ ಶಾಖದಲ್ಲಿ ವಿದ್ಯುತ್ ಹರಿಸಿದರೆ ಲೋಹವು ತಳದಲ್ಲಿ ಸಂಗ್ರಹವಾಗುತ್ತದೆ. ಇಂದಿಗೂ ಜಗತ್ತಿನಲ್ಲಿ ಅದಿರಿನಿಂದ ಅಲ್ಯೂಮಿನಿಯಮ್ ತೆಗೆಯುವುದು ಇದೇ ವಿಧಾನದಿಂದ.

ಈ ವಿಧಾನದ ಮಿತವ್ಯಯ ಎಲ್ಲಿದೆ? ಫ್ಯಾರಡೆಯ ನಿಯಮದಂತೆ ಒಂದು ಕಿಲೋ ಅಲ್ಯೂಮಿನಿಯಮ್ ತೆಗೆಯಲು ಸುಮಾರು 2980 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ ಹರಿಯಲೇಬೇಕು. ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಚೌಕಾಸಿಯೇನಿದ್ದರೂ ವೋಲ್ಟೇಜಿನಲ್ಲಿ. ಇಂದಿನ ತೊಟ್ಟಿಗಳು 4 ವೋಲ್ಟಿಗೆ ತುಸು ಮೇಲ್ಪಟ್ಟು ನಡೆಯುತ್ತವೆ. ಎರಡನ್ನೂ ಗುಣಿಸಿ, ಅನಿವಾರ್ಯ ಸೋರಿಕೆಯನ್ನು ಸೇರಿಸಿದರೆ ಕಿಲೋ ಒಂದಕ್ಕೆ ಸುಮಾರು 13ರಿಂದ 15 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಸಿದ್ಧಾಂತದಂತೆ ಬೇಕಾದುದು ಸುಮಾರು 6.3 ಯೂನಿಟ್ ಮಾತ್ರ. ಉಳಿದುದು ಶಾಖವಾಗಿ ಹೊರಹೋಗುತ್ತದೆ. ಇಂಗಾಲದ ಧ್ರುವ ಮತ್ತು ಲೋಹದ ನಡುವಿನ ಅಂತರವನ್ನು ಕಡಿಮೆಯಿಡುವುದು, ತೊಟ್ಟಿಯ ಶಾಖ ಸೋರದಂತೆ ತಡೆಯುವುದು, ಅಲ್ಯೂಮಿನಾವನ್ನು ಗಣಕಯಂತ್ರದ ನಿಯಂತ್ರಣದಲ್ಲಿ ಸಣ್ಣ ಸಣ್ಣ ಪ್ರಮಾಣದಲ್ಲಿ ಹಾಕುವುದು ಮುಂತಾದ ಸುಧಾರಣೆಗಳಿಂದ ಈ ನಷ್ಟವನ್ನು ತಗ್ಗಿಸುತ್ತ ಬರಲಾಗಿದೆ.

ಒಂದು ಕಿಲೋ ಲೋಹಕ್ಕೆ 14 ಯೂನಿಟ್ ಎಂದಿಟ್ಟುಕೊಂಡರೆ, ಯೂನಿಟ್ಟಿಗೆ 7 ರೂಪಾಯಿಯಂತೆ ವಿದ್ಯುತ್ತಿಗೇ 98 ರೂಪಾಯಿ ಬೇಕು. 3 ರೂಪಾಯಿಯಂತಾದರೆ 42 ರೂಪಾಯಿ. ಒಡಿಶಾದ ಅಂಗುಲ್, ಉತ್ತರ ಪ್ರದೇಶದ ರೇಣುಕೂಟ, ಛತ್ತೀಸಗಡದ ಕೋರ್ಬಾಗಳಲ್ಲಿ ಈ ಕಾರ್ಖಾನೆಗಳು ಸ್ವಂತ ವಿದ್ಯುತ್ ಸ್ಥಾವರಗಳೊಂದಿಗೆ ನೆಲೆಸಿರುವುದು ಈ ಲೆಕ್ಕದಿಂದಲೇ. ಬೆಳಗಾವಿಯಲ್ಲಿ ಒಂದು ಕಾಲಕ್ಕೆ ಅಲ್ಯೂಮಿನಾ ತಯಾರಿಕೆಯೂ ಲೋಹ ತೆಗೆಯುವ ಕೆಲಸವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದವು. ವಿದ್ಯುತ್ತಿನ ಸಮಸ್ಯೆಯಿಂದ ಎರಡನೆಯದು ನಿಂತಿತು, ಮೊದಲನೆಯದು ಉಳಿಯಿತು.

ಜಲಜನಕ ಮತ್ತು ರಫ್ತುದಾರರು

ಮೂರನೆಯ ಹಾದಿ ಜಲಜನಕದ್ದು. ಅದು ಆಮ್ಲಜನಕವನ್ನು ಸೆಳೆದಾಗ ಹೊಗೆಯ ಬದಲು ನೀರಾವಿ ಹೊರಬರುತ್ತದೆ. ಸ್ವೀಡನ್ನಿನ ಲೂಲಿಯೊ ನಗರದ ಪ್ರಾಯೋಗಿಕ ಘಟಕದಲ್ಲಿ 2021ರಲ್ಲಿ ಹೀಗೆ ಸ್ಪಾಂಜ್ ಕಬ್ಬಿಣ ತಯಾರಾಯಿತು. ಒಂದು ಟನ್ ಕಬ್ಬಿಣಕ್ಕೆ ಸಿದ್ಧಾಂತದಂತೆ 54 ಕಿಲೋ ಜಲಜನಕ ಸಾಕು. ಆದರೆ ನೀರಿನಿಂದ ಒಂದು ಕಿಲೋ ಜಲಜನಕ ತೆಗೆಯಲು 50 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಅಂದರೆ ಇಲ್ಲಿಯೂ ಕೊನೆಗೆ ಬಿಲ್ಲು ಬರುವುದು ವಿದ್ಯುತ್ತಿನದೇ.

ಇದು ದೂರದ ಮಾತೆಂದು ಕಡೆಗಣಿಸುವಂತಿಲ್ಲ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ 2023ರ ಅಕ್ಟೋಬರಿನಲ್ಲಿ ವರದಿ ಸಲ್ಲಿಕೆಯ ಹಂತದಿಂದ ಆರಂಭವಾಗಿ, 2026ರ ಜನವರಿ 1ರಿಂದ ಪೂರ್ಣ ರೂಪದಲ್ಲಿ ಜಾರಿಗೆ ಬಂದಿದೆ. ಕಬ್ಬಿಣದ ನಟ್ಟು, ಬೋಲ್ಟು, ಸ್ಕ್ರೂಗಳೂ ಅದರ ವ್ಯಾಪ್ತಿಯಲ್ಲಿವೆ. ಅಲ್ಲಿನ ಖರೀದಿದಾರ ಸರಕಿನ ಗುಣಮಟ್ಟದ ಜೊತೆಗೆ ಆ ಲೋಹ ಯಾವ ಹಾದಿಯಿಂದ ಬಂದಿತೆಂಬುದನ್ನೂ ಕೇಳುತ್ತಾನೆ. ರಫ್ತುದಾರರು ಕಚ್ಚಾ ಮಾಲು ಕೊಳ್ಳುವಾಗಲೇ ಉತ್ಪಾದಕರಿಂದ ಆ ಮಾಹಿತಿಯನ್ನು ಪಡೆದಿಟ್ಟುಕೊಳ್ಳುವುದು ಕ್ಷೇಮ.

ಗುಜರಿ: ಒಮ್ಮೆ ಪಾವತಿಯಾದ ಬಿಲ್ಲು

ಗುಜರಿಯಲ್ಲಿರುವುದು ಆಗಲೇ ಆಮ್ಲಜನಕದಿಂದ ಬಿಡುಗಡೆಗೊಂಡ ಲೋಹ. ಅದನ್ನು ಕರಗಿಸಿದರೆ ಸಾಕು, ಪುನಃ ಅಪಕರ್ಷಿಸಬೇಕಾಗಿಲ್ಲ. ಅದಿರಿನಿಂದ ಅಲ್ಯೂಮಿನಿಯಮ್ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟರಲ್ಲಿಯೇ ಗುಜರಿ ಅಲ್ಯೂಮಿನಿಯಮ್ಮನ್ನು ಕರಗಿಸಬಹುದು. ಆದ್ದರಿಂದ ಅಪಕರ್ಷಣದ ವಿಧಾನಗಳಲ್ಲೆಲ್ಲ ಅತ್ಯಂತ ಮಿತವ್ಯಯದ್ದೆಂದರೆ, ಒಮ್ಮೆ ಅಪಕರ್ಷಿಸಿದ ಲೋಹವನ್ನು ಹಾಳಾಗಗೊಡದಿರುವುದು.

ಹಾಳಾಗುವುದು ಎರಡು ರೀತಿಯಲ್ಲಿ. ಮೊದಲನೆಯದು ಉರಿದುಹೋಗುವುದು. ಲೇತ್ ಯಂತ್ರದಿಂದ ಬರುವ ಟರ್ನಿಂಗ್ ತೆಳುವಾದುದು. ತೂಕಕ್ಕೆ ಹೋಲಿಸಿದರೆ ಅದರ ಮೈ ಬಹಳ. ಎಣ್ಣೆ, ನೀರು ಅಂಟಿದ್ದರೆ ಕುಲುಮೆಯಲ್ಲಿ ಲೋಹವು ಆಮ್ಲಜನಕದೊಡನೆ ಕೂಡಿ ಕಿಟ್ಟವಾಗುತ್ತದೆ. ನೀರಿನ ಅಂಶ ಕರಗಿದ ಲೋಹಕ್ಕೆ ಬಿದ್ದರೆ ಸ್ಫೋಟದ ಅಪಾಯವೂ ಉಂಟು. ಕ್ಯೂಪೋಲಾದಲ್ಲಿ ತುಕ್ಕಿನ ಒಂದಷ್ಟು ಪಾಲನ್ನು ಕೋಕ್ ಮರಳಿ ಕಬ್ಬಿಣವಾಗಿಸೀತು. ಅಲ್ಯೂಮಿನಿಯಮ್ಮಿಗೆ ಆ ಸೌಲಭ್ಯವಿಲ್ಲ. ಸಣ್ಣ ಮೂಸೆಕುಲುಮೆಯಲ್ಲಿ ಉರಿದ ಪ್ರತಿ ಕಿಲೋ ಅಲ್ಯೂಮಿನಿಯಮ್ಮಿನ ಜೊತೆಗೆ ಸುಮಾರು 14 ಯೂನಿಟ್ ವಿದ್ಯುತ್ತೂ ಹೋಯಿತೆಂದೇ ತಿಳಿಯಬೇಕು.

ಎರಡನೆಯದು ಬೆರಕೆ. ಕರಗಿದ ಉಕ್ಕಿಗೆ ಆಮ್ಲಜನಕ ಊದಿದರೆ, ಕಬ್ಬಿಣಕ್ಕಿಂತ ಹೆಚ್ಚಾಗಿ ಆಮ್ಲಜನಕವನ್ನು ಬಯಸುವ ಕಲ್ಮಶಗಳು ಉರಿದು ಬೇರೆಯಾಗುತ್ತವೆ. ತಾಮ್ರ ಹಾಗಲ್ಲ, ಅದು ಉಕ್ಕಿನಲ್ಲಿಯೇ ಉಳಿದು, ಕಾಯಿಸಿ ಬಡಿಯುವಾಗ ಬಿರುಕಿಗೆ ಕಾರಣವಾಗುತ್ತದೆ. ಅಲ್ಯೂಮಿನಿಯಮ್ಮಿಗೆ ಕಬ್ಬಿಣ ಬೆರೆತರೂ ಇದೇ ಗತಿ. ಕಬ್ಬಿಣವನ್ನು ಉರಿಸಿ ತೆಗೆಯಲು ಹೋದರೆ ಮೊದಲು ಉರಿಯುವುದು ಅಲ್ಯೂಮಿನಿಯಮ್ಮೇ. ಕುಲುಮೆಯಲ್ಲಿ ಬಿಡಿಸಲಾಗದುದನ್ನು ಕಾರ್ಖಾನೆಯ ನೆಲದ ಮೇಲೆ ಬೇರೆ ಬೇರೆ ಡಬ್ಬಗಳೂ ಒಂದು ಅಯಸ್ಕಾಂತವೂ ಸುಲಭವಾಗಿ ತಡೆಯಬಲ್ಲವು.

ಲೆಕ್ಕದಲ್ಲಿ ಇದರ ಪರಿಣಾಮ

ಒಂದು ಯಂತ್ರಭಾಗಗಳ ಘಟಕವು ತಿಂಗಳಿಗೆ 1000 ಕಿಲೋ ಅಲ್ಯೂಮಿನಿಯಮ್ ಸರಳುಗಳನ್ನು ಕೊಂಡು, ಅದರಲ್ಲಿ 300 ಕಿಲೋ ಟರ್ನಿಂಗ್ ಆಗುತ್ತದೆ ಎಂದಿಟ್ಟುಕೊಳ್ಳೋಣ. ಒಣಗಿಸಿ, ಒತ್ತಿ, ಬೆರಕೆಯಿಲ್ಲದಂತೆ ಕೊಟ್ಟರೆ ಕರಗಿಸುವಲ್ಲಿ ಶೇ. 5 ನಷ್ಟವಾಗಿ 285 ಕಿಲೋ ಮರಳಿ ಬರುತ್ತದೆ. ಎಣ್ಣೆ, ಕಸಗಳೊಡನೆ ಕೊಟ್ಟು ನಷ್ಟ ಶೇ. 20ಕ್ಕೇರಿದರೆ ಬರುವುದು 240 ಕಿಲೋ. ವ್ಯತ್ಯಾಸ ತಿಂಗಳಿಗೆ 45 ಕಿಲೋ, ವರ್ಷಕ್ಕೆ 540 ಕಿಲೋ. ಕಿಲೋಗೆ 200 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ 1,08,000 ರೂಪಾಯಿ. ಗುಜರಿ ಕೊಳ್ಳುವವನು ಈ ನಷ್ಟವನ್ನು ಮೊದಲೇ ಲೆಕ್ಕಹಾಕಿ ದರ ಹೇಳುತ್ತಾನೆ. ಆದ್ದರಿಂದ ಅದನ್ನು ಹೊರುವವನು ಮಾರುವವನೇ.

ಅನೇಕ ಸಣ್ಣ ಘಟಕಗಳಲ್ಲಿ ಗುಜರಿಯ ಮಾರಾಟವನ್ನು ವರ್ಷಾಂತ್ಯದಲ್ಲಿ ಇತರೆ ಆದಾಯವೆಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ರೂಢಿಯಿದೆ. ಅದರ ಬದಲು ಲೋಹವಾರು ತೂಕವನ್ನು ತಿಂಗಳಿಗೊಮ್ಮೆ ದಾಖಲಿಸಿ, ಬಂದ ಮೊತ್ತವನ್ನು ಕಚ್ಚಾ ಮಾಲಿನ ವೆಚ್ಚದಿಂದ ಕಳೆದು ನೋಡಿದರೆ ಪ್ರತಿ ಸರಕಿನ ನಿಜವಾದ ಅಸಲು ತಿಳಿಯುತ್ತದೆ. ತೆರಿಗೆಯ ದೃಷ್ಟಿಯಿಂದಲೂ ಈ ದಾಖಲೆ ಅಗತ್ಯ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಜಿಎಸ್‌ಟಿ ಕಟ್ಟಬೇಕಾಗಿದೆ. ನೋಂದಾಯಿತರ ನಡುವೆ ಒಪ್ಪಂದದ ಮೌಲ್ಯ 2.5 ಲಕ್ಷ ರೂಪಾಯಿ ಮೀರಿದರೆ ಕೊಳ್ಳುವವರು ಶೇ. 2ರಷ್ಟನ್ನು ಮೂಲದಲ್ಲಿಯೇ ಕಡಿತಗೊಳಿಸಬೇಕಾಗಿದೆ.

ಕೋಕಿನ ದರವನ್ನಾಗಲಿ ವಿದ್ಯುತ್ ದರವನ್ನಾಗಲಿ ಇಳಿಸುವುದು ಸಣ್ಣ ಉದ್ಯಮಿಯ ಕೈಯಲ್ಲಿಲ್ಲ. ಆದರೆ ಆ ದರ ತೆತ್ತು ಕೊಂಡ ಲೋಹವನ್ನು ತುಕ್ಕಿನಿಂದಲೂ ಬೆರಕೆಯಿಂದಲೂ ಕಾಪಾಡುವುದು ಸಂಪೂರ್ಣವಾಗಿ ಅವನ ಕೈಯಲ್ಲಿದೆ. ಅದಕ್ಕೆ ಬೇಕಾದುದು ಮಳೆಯಿಂದ ಮರೆಯಾದ ಒಂದು ಮೂಲೆ, ಹೆಸರು ಬರೆದ ನಾಲ್ಕು ಡಬ್ಬಗಳು ಮತ್ತು ಒಂದು ತೂಕದ ಪುಸ್ತಕ.